ಸಿದ್ದಾಪುರ (ಕೊಡಗು) ಪರಿಸರದಲ್ಲಿ ಸಭೆ–ಸಮಾವೇಶಗಳ ಆಯೋಜನೆ

ಸಿದ್ದಾಪುರವು ಕೊಡಗು ಜಿಲ್ಲೆಯ ವಿರಾಜಪೇಟೆ ತಾಲ್ಲೂಕಿನಲ್ಲಿ ಕಾವೇರಿ ನದಿಯ ದಡದಲ್ಲಿರುವ ಪಟ್ಟಣ. ಇದರ ಸುತ್ತಲಿನ ಕಾಫಿ ತೋಟಗಳ ನಡುವೆ ಇರುವ ರೆಸಾರ್ಟುಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ಕಂಪನಿಗಳ ವ್ಯವಹಾರ ಸಭೆ, ತರಬೇತಿ ಶಿಬಿರ, ಮಾರಾಟ ಪ್ರತಿನಿಧಿಗಳ ಸಮಾವೇಶ, ಹಳೆಯ ವಿದ್ಯಾರ್ಥಿಗಳ ಕೂಟ, ಮದುವೆ ಮೊದಲಾದ ಸಾಮೂಹಿಕ ಕಾರ್ಯಕ್ರಮಗಳು ನಡೆಯುತ್ತವೆ. ಇಂತಹ ಪ್ರವಾಸವನ್ನು ಸಮಾವೇಶ ಪ್ರವಾಸೋದ್ಯಮ ಎನ್ನುತ್ತಾರೆ. ಸಭೆ, ಪ್ರೋತ್ಸಾಹಕ ಪ್ರವಾಸ, ಸಮ್ಮೇಳನ, ಪ್ರದರ್ಶನ ಎಂಬ ನಾಲ್ಕು ಪದಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಉಂಟಾದ ‘ಮೈಸ್’ ಎಂಬ ಹೆಸರೂ ಈ ಉದ್ಯಮದಲ್ಲಿ ರೂಢಿಯಲ್ಲಿದೆ.

ಕ್ಯಾಸಿನೊ ನಗರಗಳಲ್ಲಿ ಸಭೆಯ ದಿನಾಂಕವನ್ನು ಮುಖ್ಯವಾಗಿ ಸಭಾಂಗಣದ ಲಭ್ಯತೆಯೂ ಕೊಠಡಿಯ ಬಾಡಿಗೆಯೂ ನಿರ್ಧರಿಸುತ್ತವೆ. ಸಿದ್ದಾಪುರದಂತಹ ಊರಿನಲ್ಲಿ ಮಳೆ, ನದಿಯ ಮಟ್ಟ, ಕಾಫಿ ಕೊಯ್ಲು, ಕಾಡಾನೆಗಳ ಸಂಚಾರ ಇವೂ ದಿನಾಂಕವನ್ನು ನಿರ್ಧರಿಸುತ್ತವೆ. ಇವನ್ನು ಗಮನಿಸದೆ ರೂಪಿಸಿದ ಯೋಜನೆಯಿಂದ ಅತಿಥಿಗಳಿಗೂ ಸ್ಥಳೀಯರಿಗೂ ತೊಂದರೆಯಾಗುವ ಸಂಭವವಿದೆ.

ಹಿನ್ನೆಲೆ

ಅಮೆರಿಕದ ನೆವಾಡ ರಾಜ್ಯವು 1931ರಲ್ಲಿ ಜೂಜಾಟವನ್ನು ಕಾನೂನುಬದ್ಧಗೊಳಿಸಿತು. ಅಲ್ಲಿನ ಲಾಸ್ ವೇಗಸ್ ನಗರಕ್ಕೆ ವಾರಾಂತ್ಯದಲ್ಲಿ ಪ್ರವಾಸಿಗರು ತುಂಬಿ ಬರುತ್ತಿದ್ದರು. ಆದರೆ ವಾರದ ನಡುವಿನ ದಿನಗಳಲ್ಲಿ ಹೋಟೆಲುಗಳ ಕೊಠಡಿಗಳು ಖಾಲಿ ಉಳಿಯುತ್ತಿದ್ದವು. ಆ ಕೊಠಡಿಗಳನ್ನು ತುಂಬಿಸಲು ವ್ಯಾಪಾರ ಸಮ್ಮೇಳನಗಳು ನೆರವಾದವು. 1959ರಲ್ಲಿ ಅಲ್ಲಿ ಸಾರ್ವಜನಿಕ ಸಮ್ಮೇಳನ ಭವನವೊಂದು ಆರಂಭವಾಯಿತು. 2010ರಲ್ಲಿ ಸಿಂಗಾಪುರವು ಕ್ಯಾಸಿನೊ, ಹೋಟೆಲು, ಸಮ್ಮೇಳನ ಭವನ, ಅಂಗಡಿ ಸಾಲು ಎಲ್ಲವೂ ಒಂದೇ ಆವರಣದಲ್ಲಿರುವ ಎರಡು ರೆಸಾರ್ಟುಗಳನ್ನು ತೆರೆಯಿತು. ಭಾರತದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಗೋವಾ. 1976ರ ಸಾರ್ವಜನಿಕ ಜೂಜು ಕಾಯಿದೆಗೆ ನಂತರ ತಂದ ತಿದ್ದುಪಡಿಗಳ ಮೂಲಕ ಅಲ್ಲಿ ಪಂಚತಾರಾ ಹೋಟೆಲುಗಳಲ್ಲಿಯೂ ಹಡಗುಗಳಲ್ಲಿಯೂ ಕ್ಯಾಸಿನೊಗಳಿಗೆ ಅವಕಾಶ ದೊರೆಯಿತು. ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿದ ಕ್ಯಾಸಿನೊ ಹಡಗುಗಳು ಪ್ರಸಿದ್ಧವಾಗಿವೆ.

ಕರ್ನಾಟಕದಲ್ಲಿ ಕ್ಯಾಸಿನೊಗಳಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪಣ ಮತ್ತು ಜೂಜು ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಕರ್ನಾಟಕ ಪೊಲೀಸ್ ಕಾಯಿದೆ, 1963 ಜೂಜಿನ ಅಡ್ಡೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಶಿಕ್ಷಾರ್ಹಗೊಳಿಸಿದೆ. ಆದ್ದರಿಂದ ಇಲ್ಲಿನ ರೆಸಾರ್ಟುಗಳು ಸಭೆಗಳನ್ನು ಆಕರ್ಷಿಸುವುದು ಪ್ರಕೃತಿ, ತೋಟದ ಪರಿಸರ, ಊಟೋಪಚಾರ ಮತ್ತು ಏಕಾಂತದಿಂದ. ಆದರೂ ಲಾಸ್ ವೇಗಸ್ಸಿನ ಒಂದು ಲಕ್ಷಣ ಕೊಡಗಿನಲ್ಲಿಯೂ ಕಾಣುತ್ತದೆ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಬೆಂಗಳೂರು, ಮೈಸೂರು ಮತ್ತು ಕೇರಳದ ಪ್ರವಾಸಿಗರು ಬರುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಕೊಠಡಿಗಳು ಸುಲಭವಾಗಿ ಸಿಗುತ್ತವೆ. ವಾರದ ನಡುವಿನ ಈ ದಿನಗಳೇ ವ್ಯವಹಾರ ಸಭೆಗಳಿಗೆ ಅನುಕೂಲಕರ.

ಕೊಡಗಿಗೆ ದೊಡ್ಡ ಸಮಾವೇಶಗಳ ಅನುಭವ ಹೊಸದಲ್ಲ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಮಡಿಕೇರಿಯಲ್ಲಿ 1932ರಲ್ಲಿ ಡಿ.ವಿ. ಗುಂಡಪ್ಪ, 1981ರಲ್ಲಿ ಶಂ.ಬಾ. ಜೋಶಿ ಮತ್ತು 2014ರಲ್ಲಿ ನಾ. ಡಿಸೋಜ ಅವರ ಅಧ್ಯಕ್ಷತೆಯಲ್ಲಿ ನಡೆದಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ತಂಡಗಳು ಭಾಗವಹಿಸಿದ್ದವು.

ಸ್ಥಳ ಮತ್ತು ಸೌಕರ್ಯ

ಸಿದ್ದಾಪುರದಿಂದ ಮಡಿಕೇರಿ ಸುಮಾರು 30 ಕಿ.ಮೀ., ಮೈಸೂರು ಸುಮಾರು 100 ಕಿ.ಮೀ., ಬೆಂಗಳೂರು ಸುಮಾರು 240 ಕಿ.ಮೀ. ದೂರದಲ್ಲಿವೆ. ನದಿಯ ಇನ್ನೊಂದು ದಡದಲ್ಲಿ ನೆಲ್ಯಹುದಿಕೇರಿ ಇದೆ. ಕರಡಿಗೋಡು, ಗುಹ್ಯ, ಮಾಲ್ದಾರೆ, ಬಾಡಗ ಬಾಣಂಗಾಲ ಮುಂತಾದವು ಸುತ್ತಲಿನ ಗ್ರಾಮಗಳು. ಕರಡಿಗೋಡಿನ ಚಿಕ್ಕನಹಳ್ಳಿ ಎಸ್ಟೇಟಿನಲ್ಲಿ ಮೊದಲು ಆರೆಂಜ್ ಕೌಂಟಿ ಎಂಬ ಹೆಸರಿನಲ್ಲಿದ್ದು ಈಗ ಇವಾಲ್ವ್ ಬ್ಯಾಕ್ ಎಂದು ಕರೆಯಲಾಗುವ ರೆಸಾರ್ಟ್, ಕಾಫಿ ತೋಟದೊಳಗೇ ಅತಿಥಿಗೃಹಗಳನ್ನು ಕಟ್ಟಿದ ಆರಂಭಿಕ ಪ್ರಯತ್ನಗಳಲ್ಲಿ ಒಂದು. ಜಿಲ್ಲೆಯ ಇತರೆಡೆ ಮಡಿಕೇರಿ, ಕಕ್ಕಬ್ಬೆ, ವಿರಾಜಪೇಟೆ ಸುತ್ತಮುತ್ತಲೂ ಸಭಾಂಗಣಗಳಿರುವ ರೆಸಾರ್ಟುಗಳಿವೆ.

ನಗರದ ಸಮ್ಮೇಳನ ಭವನಗಳಿಗೂ ತೋಟದ ರೆಸಾರ್ಟುಗಳಿಗೂ ಮುಖ್ಯ ವ್ಯತ್ಯಾಸ ಗಾತ್ರದ್ದು. ತೋಟದ ರೆಸಾರ್ಟುಗಳಲ್ಲಿ ಕೊಠಡಿಗಳು ಬಿಡಿಬಿಡಿ ಕಾಟೇಜುಗಳಾಗಿ ಹರಡಿಕೊಂಡಿರುವುದರಿಂದ ಒಂದೇ ಸೂರಿನಡಿ ಸಾವಿರಾರು ಜನರನ್ನು ಸೇರಿಸಲು ಅವು ತಕ್ಕುದಲ್ಲ. ಆಡಳಿತ ಮಂಡಳಿಯ ಸಭೆ, ತರಬೇತಿ, ಚಿಂತನಾ ಶಿಬಿರ ಮುಂತಾಗಿ ಕೆಲವು ಹತ್ತು ಜನ ಸೇರುವ ಕಾರ್ಯಕ್ರಮಗಳಿಗೆ ಅವು ಹೊಂದುತ್ತವೆ. ಹೆಚ್ಚು ಜನರಿರುವಾಗ ವಸತಿಯನ್ನು ಹಲವು ಹೋಂಸ್ಟೇಗಳಿಗೆ ಹಂಚಬೇಕಾಗುತ್ತದೆ. ಆಗ ಪ್ರತಿ ವಸತಿಯಿಂದ ಸಭಾಸ್ಥಳಕ್ಕೆ ವಾಹನದ ವ್ಯವಸ್ಥೆ, ಒಬ್ಬ ಜವಾಬ್ದಾರಿ ವ್ಯಕ್ತಿ ಮತ್ತು ತಂಗಿರುವವರ ಹೆಸರುಪಟ್ಟಿ ಅಗತ್ಯ.

ಸ್ಥಳವನ್ನು ಗೊತ್ತುಪಡಿಸುವ ಮುನ್ನ ಆಯೋಜಕರು ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಬೇಕಾದ ಅಂಶಗಳು:

• ದೊಡ್ಡ ಬಸ್ಸು ರೆಸಾರ್ಟಿನ ಬಾಗಿಲಿನವರೆಗೆ ಬರುವುದೇ, ಅಥವಾ ಮುಖ್ಯ ರಸ್ತೆಯಲ್ಲಿ ಇಳಿದು ಜೀಪು ಹತ್ತಬೇಕೇ ಎಂಬುದು.
• ವಿದ್ಯುತ್ ಕಡಿತವಾದಾಗ ಸಭಾಂಗಣ, ಅಡುಗೆಮನೆ ಮತ್ತು ಕೊಠಡಿಗಳೆಲ್ಲಕ್ಕೂ ಸಾಲುವ ಜನರೇಟರ್ ಇದೆಯೇ ಎಂಬುದು.
• ಮೊಬೈಲ್ ಸಂಪರ್ಕ ಮತ್ತು ಅಂತರಜಾಲದ ವೇಗ. ತೋಟಗಳೊಳಗೆ ಅನೇಕ ಕಡೆ ಸಂಪರ್ಕ ದುರ್ಬಲವಾಗಿರುತ್ತದೆ.
• ವೃದ್ಧರಿಗೂ ಅಂಗವಿಕಲರಿಗೂ ಏರುಪೇರಿನ ದಾರಿಗಳಲ್ಲಿ ಓಡಾಡುವ ಅನುಕೂಲ.
• ಹತ್ತಿರದ ಆಸ್ಪತ್ರೆಯ ದೂರ. ಜಿಲ್ಲೆಯ ವೈದ್ಯಕೀಯ ಕಾಲೇಜು ಮಡಿಕೇರಿಯಲ್ಲಿದೆ. ವಿಶೇಷ ಚಿಕಿತ್ಸೆಗೆ ಸಾಮಾನ್ಯವಾಗಿ ಮೈಸೂರಿಗೆ ಹೋಗುತ್ತಾರೆ.

ಕಾಲದ ಆಯ್ಕೆ

ಕೊಡಗಿನಲ್ಲಿ ಕಾರ್ಯಕ್ರಮದ ಯಶಸ್ಸು ಬಹುಮಟ್ಟಿಗೆ ಋತುವನ್ನು ಅವಲಂಬಿಸಿದೆ.

• ಜೂನ್–ಸೆಪ್ಟೆಂಬರ್: ನೈಋತ್ಯ ಮಾನ್ಸೂನಿನ ಕಾಲ. ಬಾಡಿಗೆ ಕಡಿಮೆ, ಆದರೆ ರಸ್ತೆ, ವಿದ್ಯುತ್ ಮತ್ತು ಹೊರಾಂಗಣ ಕಾರ್ಯಕ್ರಮ ಮೂರೂ ಅನಿಶ್ಚಿತ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅಪಾಯ ಹೆಚ್ಚು.
• ಅಕ್ಟೋಬರ್–ನವೆಂಬರ್: ಮಳೆ ಇಳಿದು ತೋಟಗಳು ಹಸಿರಾಗಿರುತ್ತವೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಮತ್ತು ದಸರೆಯ ದಿನಗಳಲ್ಲಿ ಜನಸಂದಣಿ ಇರುತ್ತದೆ.
• ಡಿಸೆಂಬರ್–ಮಾರ್ಚ್: ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮೊದಲು, ರೊಬಸ್ಟಾ ನಂತರ ಕೊಯ್ಲಿಗೆ ಬರುತ್ತದೆ. ಹವಾಮಾನ ಹಿತಕರ, ಆದರೆ ಸ್ಥಳೀಯ ಕೆಲಸಗಾರರ ಕೊರತೆ ಇರುತ್ತದೆ.
• ಏಪ್ರಿಲ್–ಮೇ: ಬೇಸಗೆ ರಜೆಯ ಪ್ರವಾಸಿಗರು, ಮದುವೆಗಳು ಮತ್ತು ಹಾಕಿ ಉತ್ಸವದ ಕಾರಣ ವಸತಿಗೆ ಬೇಡಿಕೆ ಹೆಚ್ಚು.

ಕೊಯ್ಲಿನ ದಿನಗಳ ಕುರಿತು ವಿಶೇಷ ಗಮನ ಬೇಕು. ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಡಗಿನದು. ಹಣ್ಣಾದ ಕಾಫಿಯನ್ನು ಕಾಲಕ್ಕೆ ಸರಿಯಾಗಿ ಕೊಯ್ಯದಿದ್ದರೆ ಉದುರಿ ಹಾಳಾಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಬೆಳಿಗ್ಗೆ ಕಾರ್ಮಿಕರನ್ನು ಹೊತ್ತ ಜೀಪುಗಳು ರಸ್ತೆ ತುಂಬಿರುತ್ತವೆ, ಕಣಗಳಲ್ಲಿ ಕಾಫಿ ಒಣಗುತ್ತಿರುತ್ತದೆ. ಅತಿಥಿಗಳ ಬಸ್ಸುಗಳು ಕಿರಿದಾದ ತೋಟದ ದಾರಿಯಲ್ಲಿ ನಿಂತರೆ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕಾಫಿ ಕೊಯ್ಲನ್ನು ಅತಿಥಿಗಳಿಗೆ ತೋರಿಸುವ ಕಾರ್ಯಕ್ರಮವಿದ್ದರೆ ತೋಟದ ಮಾಲೀಕರ ಒಪ್ಪಿಗೆ ಪಡೆಯಬೇಕು. ಕಾರ್ಮಿಕರ ಲೈನ್ ಮನೆಗಳ ಬಳಿ ಅವರ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದು ಸಲ್ಲದು.

ಮಳೆ ಮತ್ತು ನದಿ

ಮಡಿಕೇರಿಯಲ್ಲಿಯೋ ಭಾಗಮಂಡಲದಲ್ಲಿಯೋ ಬೀಳುವಷ್ಟು ಮಳೆ ಸಿದ್ದಾಪುರದಲ್ಲಿ ಬೀಳುವುದಿಲ್ಲ. ಆದರೆ ಇಲ್ಲಿಗೆ ಹರಿದು ಬರುವ ನೀರು ಆ ಮೇಲಿನ ಪ್ರದೇಶದ್ದು. ತಲಕಾವೇರಿ–ಭಾಗಮಂಡಲ ಭಾಗದಲ್ಲಿ ಸತತವಾಗಿ ಮಳೆ ಸುರಿದಾಗ ಸಿದ್ದಾಪುರದಲ್ಲಿ ಮಳೆ ಬಿಟ್ಟಿದ್ದರೂ ನದಿ ಉಕ್ಕಬಹುದು. ಆದ್ದರಿಂದ ಸ್ಥಳೀಯ ಆಕಾಶವನ್ನಷ್ಟೇ ನೋಡಿ ನದೀತೀರದ ಕಾರ್ಯಕ್ರಮವನ್ನು ನಿಶ್ಚಯಿಸುವುದು ಸರಿಯಲ್ಲ. ಮೇಲ್ಭಾಗದ ಮಳೆಯ ವರದಿಯನ್ನೂ ಜಿಲ್ಲಾಡಳಿತದ ಎಚ್ಚರಿಕೆಯನ್ನೂ ಗಮನಿಸಬೇಕು.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ವ್ಯಾಪಕ ಭೂಕುಸಿತಗಳಾಗಿ ಪ್ರಾಣಹಾನಿ ಸಂಭವಿಸಿತು. ಕೆಲಕಾಲ ಪ್ರವಾಸಿಗರ ಪ್ರವೇಶವನ್ನು ನಿರ್ಬಂಧಿಸಲಾಗಿತ್ತು. 2019ರ ಆಗಸ್ಟ್‌ನಲ್ಲಿ ಕಾವೇರಿಯ ಪ್ರವಾಹದಿಂದ ಕರಡಿಗೋಡು, ಗುಹ್ಯ ಮತ್ತು ನೆಲ್ಯಹುದಿಕೇರಿಯ ನದೀತೀರದ ಅನೇಕ ಮನೆಗಳು ಹಾನಿಗೊಳಗಾಗಿ ನಿವಾಸಿಗಳು ಪರಿಹಾರ ಕೇಂದ್ರಗಳಲ್ಲಿ ನೆಲೆಸಬೇಕಾಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಹೀಗೆ ಸತತ ಮೂರು ವರ್ಷ ಒಂದೇ ತಿಂಗಳಲ್ಲಿ ವಿಪತ್ತು ಸಂಭವಿಸಿರುವುದರಿಂದ ಆಗಸ್ಟ್ ತಿಂಗಳ ಬುಕಿಂಗ್ ಮಾಡುವವರು ಒಪ್ಪಂದದ ಷರತ್ತುಗಳನ್ನು ಎಚ್ಚರದಿಂದ ನೋಡಬೇಕು.

ಇಂತಹ ಸಂದರ್ಭದಲ್ಲಿ ಯಾರ ನಷ್ಟ ಯಾರು ಹೊರಬೇಕೆಂಬುದನ್ನು ಮೊದಲೇ ಬರೆದುಕೊಳ್ಳುವುದು ಉಚಿತ. ಪ್ರಕೃತಿ ವಿಕೋಪ ಅಥವಾ ಸರ್ಕಾರಿ ಆದೇಶದಿಂದ ಸಭೆ ನಿಂತರೆ ಮುಂಗಡ ಹಣ ಮರಳುವುದೇ ಅಥವಾ ಬೇರೆ ದಿನಾಂಕಕ್ಕೆ ವರ್ಗವಾಗುವುದೇ, ರಸ್ತೆ ಬಂದ್ ಆಗಿ ಅತಿಥಿಗಳು ಹೆಚ್ಚುವರಿ ದಿನ ಉಳಿಯಬೇಕಾದರೆ ಬಾಡಿಗೆ ಎಷ್ಟು, ಎಷ್ಟು ದಿನ ಮೊದಲು ತಿಳಿಸಿದರೆ ಸಂಖ್ಯೆಯನ್ನು ಇಳಿಸಬಹುದು ಎಂಬ ಅಂಶಗಳು ಒಪ್ಪಂದದಲ್ಲಿರಬೇಕು.

ಕಾಡಾನೆಗಳು ಮತ್ತು ರಾತ್ರಿ ಸಂಚಾರ

ಸಿದ್ದಾಪುರ ಪರಿಸರವು ಮಾನವ–ಆನೆ ಸಂಘರ್ಷದ ಪ್ರದೇಶ. ಅರಣ್ಯದಿಂದ ಬರುವ ಆನೆಗಳಲ್ಲದೆ ಕಾಫಿ ತೋಟಗಳಲ್ಲಿಯೇ ನೆಲೆ ನಿಂತ ಆನೆಗಳೂ ಇಲ್ಲಿವೆ. ತೋಟಗಳಲ್ಲಿ ನೀರು, ನೆರಳು, ಹಲಸು, ಬಾಳೆ ಮತ್ತು ಭತ್ತ ಸಿಗುವುದು ಇದಕ್ಕೆ ಕಾರಣ. ಬೆಳಗಿನ ಜಾವ ಮತ್ತು ಸಂಜೆಯ ನಂತರ ಅವು ರಸ್ತೆ ದಾಟುತ್ತವೆ. ಆನೆ ದಾಳಿಯಲ್ಲಿ ಸಾಯುವವರಲ್ಲಿ ನಡೆದು ಕೆಲಸಕ್ಕೆ ಹೋಗುವ ತೋಟದ ಕಾರ್ಮಿಕರು ಹೆಚ್ಚು. ಅರಣ್ಯ ಇಲಾಖೆಯ ತ್ವರಿತ ಕಾರ್ಯಪಡೆಗಳು ಆನೆಗಳ ಇರುವಿಕೆಯ ಮಾಹಿತಿ ನೀಡುತ್ತವೆ ಮತ್ತು ಅವುಗಳನ್ನು ಕಾಡಿಗೆ ಅಟ್ಟುವ ಕಾರ್ಯಾಚರಣೆ ನಡೆಸುತ್ತವೆ.

ಆಯೋಜಕರಿಗೆ ಇದರಿಂದ ಕೆಲವು ನಿಯಮಗಳು ಅನಿವಾರ್ಯ. ಅತಿಥಿಗಳ ಆಗಮನ–ನಿರ್ಗಮನಗಳನ್ನು ಹಗಲಿನಲ್ಲಿಯೇ ಮುಗಿಸಬೇಕು. ರಾತ್ರಿ ಊಟದ ನಂತರ ತೋಟದಲ್ಲಿ ನಡೆದಾಡಲು ಬಿಡಬಾರದು. ಬೆಳಗಿನ ನಡಿಗೆ, ಪಕ್ಷಿವೀಕ್ಷಣೆ ಮೊದಲಾದವಕ್ಕೆ ಸ್ಥಳೀಯ ಮಾರ್ಗದರ್ಶಕರು ಜೊತೆಗಿರಬೇಕು. ಪಟಾಕಿ ಸಿಡಿಸುವುದು, ಆನೆ ಕಂಡಾಗ ವಾಹನ ನಿಲ್ಲಿಸಿ ಚಿತ್ರ ತೆಗೆಯುವುದು ಅಪಾಯಕರ; ಬೆದರಿದ ಆನೆಯ ದಾಳಿಗೆ ಮರುದಿನ ಅದೇ ದಾರಿಯಲ್ಲಿ ನಡೆಯುವ ಕಾರ್ಮಿಕರೂ ಗುರಿಯಾಗಬಹುದು. ಮಾಲ್ದಾರೆ ಮಾರ್ಗವಾಗಿ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಅರಣ್ಯದ ಮೂಲಕ ಹಾಯುತ್ತದೆ. ನಾಗರಹೊಳೆ ಅರಣ್ಯದೊಳಗಿನ ರಸ್ತೆಗಳಲ್ಲಿ ರಾತ್ರಿ ಸಂಚಾರ ನಿರ್ಬಂಧವಿರುವುದನ್ನು ಪ್ರಯಾಣದ ವೇಳಾಪಟ್ಟಿ ರಚಿಸುವಾಗ ಗಮನಿಸಬೇಕು.

ಸಾರಿಗೆ

ಕೊಡಗು ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ಬೆಂಗಳೂರಿನಿಂದ ಬರುವ ತಂಡಗಳು ಮೈಸೂರು, ಹುಣಸೂರು ಮಾರ್ಗವಾಗಿ ಬರುತ್ತವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಪ್ರಯಾಣದ ಮೊದಲ ಭಾಗದ ಅವಧಿ ಕಡಿಮೆಯಾಗಿದೆ. ಮೈಸೂರಿನ ನಂತರದ ರಸ್ತೆಯಲ್ಲಿ ಮೊದಲಿನಷ್ಟೇ ನಿಧಾನ. 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ವಿರಾಜಪೇಟೆಯಿಂದ ಮಾಕುಟ್ಟ ಘಟ್ಟದ ಮೂಲಕ ಸುಮಾರು 60 ಕಿ.ಮೀ. ದೂರದಲ್ಲಿದೆ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸುವುದುಂಟು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಅದೇ ದಿನ ಮಧ್ಯಾಹ್ನ ಮುಖ್ಯ ಸಭೆ ಇಟ್ಟುಕೊಳ್ಳುವುದಕ್ಕಿಂತ ಮೊದಲ ದಿನವನ್ನು ಪ್ರಯಾಣಕ್ಕೂ ಪರಿಚಯಕ್ಕೂ ಬಿಟ್ಟು ಎರಡನೆಯ ದಿನ ಮುಖ್ಯ ಸಭೆ ನಡೆಸುವುದು ಸೂಕ್ತ.

ಕಾನೂನು ಮತ್ತು ಪರವಾನಗಿ

ಮದ್ಯ: ಪರವಾನಗಿ ಇಲ್ಲದ ಸ್ಥಳದಲ್ಲಿ ಮದ್ಯ ಪೂರೈಸುವುದಾದರೆ ಅಬಕಾರಿ ಇಲಾಖೆಯಿಂದ ಸಾಂದರ್ಭಿಕ ಪರವಾನಗಿ ಪಡೆಯಬೇಕು.

ಧ್ವನಿ: ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್.

ತ್ಯಾಜ್ಯ: 2016ರ ಘನ ತ್ಯಾಜ್ಯ ನಿಯಮಗಳು ಪರವಾನಗಿ ಇಲ್ಲದ ಸ್ಥಳದಲ್ಲಿ 100ಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಕನಿಷ್ಠ ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು ವಿಧಿಸಿದವು. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧ. ಗ್ರಾಮ ಪಂಚಾಯಿತಿಗಳ ಕಸ ವಿಲೇವಾರಿ ಸಾಮರ್ಥ್ಯ ಸೀಮಿತವಾಗಿರುವುದರಿಂದ ನೀರಿನ ಬಾಟಲಿಗಳ ಬದಲು ಹೂಜಿ–ಲೋಟ, ಕಾಗದದ ತಟ್ಟೆಗಳ ಬದಲು ಸ್ಟೀಲ್ ತಟ್ಟೆ ಅಥವಾ ಬಾಳೆಲೆ ಬಳಸುವುದು ಉತ್ತಮ.

ಜೂಜು: ಕೆಲವು ಕಂಪನಿಗಳು ಮನರಂಜನೆಗಾಗಿ ‘ಕ್ಯಾಸಿನೊ ರಾತ್ರಿ’ ಏರ್ಪಡಿಸುತ್ತವೆ. ಬಣ್ಣದ ಬಿಲ್ಲೆಗಳನ್ನು ಉಚಿತವಾಗಿ ಹಂಚಿ, ಹಣಕ್ಕೆ ಬದಲಾಯಿಸಲಾಗದಂತೆ ಆಡುವ ಆಟವು ಹಣ ಪಣವಿಡುವ ಜೂಜಿಗಿಂತ ಭಿನ್ನ. ಪ್ರವೇಶ ಶುಲ್ಕ ಪಡೆಯುವುದು, ಬಿಲ್ಲೆ ಮಾರುವುದು, ಗೆದ್ದವರಿಗೆ ನಗದು ಕೊಡುವುದು ಇವು ಕಾನೂನಿನ ತೊಡಕಿಗೆ ದಾರಿ ಮಾಡುತ್ತವೆ.

ಮಹಿಳೆಯರ ಸುರಕ್ಷತೆ: ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಕಾಯಿದೆ, 2013ರ ಪ್ರಕಾರ ಉದ್ಯೋಗದ ನಿಮಿತ್ತ ಭೇಟಿ ನೀಡುವ ಸ್ಥಳ ಮತ್ತು ಉದ್ಯೋಗದಾತರು ಒದಗಿಸಿದ ವಾಹನ ಕೂಡ ‘ಕೆಲಸದ ಸ್ಥಳ’ವೇ. ಆದುದರಿಂದ ರೆಸಾರ್ಟಿನಲ್ಲಿ ನಡೆಯುವ ಕಂಪನಿಯ ಸಭೆಗೂ ಸಂಜೆಯ ಕೂಟಕ್ಕೂ ಈ ಕಾಯಿದೆ ಅನ್ವಯಿಸುತ್ತದೆ. ದೂರು ನೀಡಬೇಕಾದವರ ಹೆಸರನ್ನು ಹೊರಡುವ ಮುನ್ನವೇ ಎಲ್ಲರಿಗೂ ತಿಳಿಸುವುದು ಒಳ್ಳೆಯದು.

ತೆರಿಗೆ: ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 12ನೆಯ ಕಲಮಿನ ಪ್ರಕಾರ ವಸತಿ ಮತ್ತು ಸಭಾಂಗಣದ ಸೇವೆಯನ್ನು ಆ ಕಟ್ಟಡವಿರುವ ರಾಜ್ಯದಲ್ಲಿ ಪೂರೈಸಲಾಗಿದೆ ಎಂದು ಪರಿಗಣಿಸುತ್ತಾರೆ. ಕೇರಳ ಅಥವಾ ತಮಿಳುನಾಡಿನಲ್ಲಿ ಮಾತ್ರ ನೋಂದಣಿ ಇರುವ ಸಂಸ್ಥೆ ಸಿದ್ದಾಪುರದಲ್ಲಿ ಸಭೆ ನಡೆಸಿದರೆ ಕರ್ನಾಟಕಕ್ಕೆ ಸಲ್ಲುವ ಈ ತೆರಿಗೆಯನ್ನು ತನ್ನ ರಾಜ್ಯದ ಲೆಕ್ಕದಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಲಾಗದು. ಆಯವ್ಯಯ ಸಿದ್ಧಪಡಿಸುವಾಗ ಇದನ್ನು ವೆಚ್ಚವೆಂದೇ ಲೆಕ್ಕ ಹಾಕಬೇಕು. ಮದ್ಯವು ಈ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ. ಅದರ ಬಿಲ್ ಪ್ರತ್ಯೇಕ.

ಊಟ ಮತ್ತು ಮನರಂಜನೆ

ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ, ಕಾಚಂಪುಳಿ ಹಾಕಿದ ಪಂದಿ ಕರಿ, ಕಣಿಲೆಯ ಪಲ್ಯ ಮುಂತಾದವು ಈ ನಾಡಿನ ವಿಶೇಷ ಅಡುಗೆಗಳು. ಹಂದಿಮಾಂಸ ಸೇವಿಸದವರು, ಸಸ್ಯಾಹಾರಿಗಳು ಮತ್ತು ಜೈನ ಆಹಾರಕ್ರಮದವರ ಸಂಖ್ಯೆಯನ್ನು ಮುಂಚಿತವಾಗಿ ತಿಳಿಸಿ ಪಾತ್ರೆ ಹಾಗೂ ಬಡಿಸುವ ಮೇಜುಗಳನ್ನು ಪ್ರತ್ಯೇಕಿಸುವುದು ವಾಡಿಕೆ. ಸ್ಥಳೀಯ ಕಲಾತಂಡಗಳಿಂದ ಬೊಳಕಾಟ್, ಉಮ್ಮತ್ತಾಟ್ ಮೊದಲಾದ ಕೊಡವ ನೃತ್ಯಗಳನ್ನು ಏರ್ಪಡಿಸಬಹುದು. ಇವುಗಳಿಗೆ ಧಾರ್ಮಿಕ ಮತ್ತು ಸಾಮಾಜಿಕ ಹಿನ್ನೆಲೆ ಇರುವುದರಿಂದ ಮದ್ಯಗೋಷ್ಠಿಯ ಹಿನ್ನೆಲೆಯಾಗಿ ಬಳಸದೆ ಪ್ರತ್ಯೇಕ ಸಮಯ ನಿಗದಿಪಡಿಸುವುದು ಯೋಗ್ಯ.

ಹತ್ತಿರದ ದುಬಾರೆ ಆನೆ ಶಿಬಿರ, ಕುಶಾಲನಗರ ಸಮೀಪದ ಕಾವೇರಿ ನಿಸರ್ಗಧಾಮ ಮತ್ತು ಬೈಲುಕುಪ್ಪೆಯ ಟಿಬೆಟನ್ ಮಂದಿರ ತಂಡಗಳು ಅರ್ಧ ದಿನದಲ್ಲಿ ನೋಡಬಹುದಾದ ಸ್ಥಳಗಳು. ನದಿಯ ನೀರು ಏರಿದಾಗ ದುಬಾರೆಗೆ ದೋಣಿ ಸಂಚಾರ ನಿಲ್ಲುವುದರಿಂದ ಮಳೆಗಾಲದಲ್ಲಿ ಪರ್ಯಾಯ ಕಾರ್ಯಕ್ರಮ ಸಿದ್ಧವಿರಬೇಕು.

ಸ್ಥಳೀಯರ ಮೇಲಿನ ಪರಿಣಾಮ

ಸಮಾವೇಶಗಳಿಂದ ವಾಹನ ಚಾಲಕರು, ಅಡುಗೆಯವರು, ಹೋಂಸ್ಟೇ ನಡೆಸುವ ಕುಟುಂಬಗಳು, ಜೇನು–ಕಾಳುಮೆಣಸು ಮಾರುವವರು ಮತ್ತು ಕಲಾತಂಡಗಳಿಗೆ ಆದಾಯವಿದೆ. ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಅನೇಕ ಸಣ್ಣ ಬೆಳೆಗಾರರಿಗೆ ಹೋಂಸ್ಟೇ ಆಧಾರವಾಗಿದೆ. ಇನ್ನೊಂದೆಡೆ ಬೇಸಗೆಯಲ್ಲಿ ನೀರಿನ ಬಳಕೆ, ಕಸ, ವಾಹನ ದಟ್ಟಣೆ, ಕೃಷಿ ಭೂಮಿಯ ಪರಿವರ್ತನೆ ಇವು ಜಿಲ್ಲೆಯಲ್ಲಿ ಚರ್ಚೆಯ ವಿಷಯಗಳಾಗಿವೆ. ಪ್ರವಾಹ ಬಂದಾಗ ರೆಸಾರ್ಟಿನ ಅತಿಥಿಗಳು ವಾಹನ ಹತ್ತಿ ತಮ್ಮ ಊರಿಗೆ ಮರಳಬಲ್ಲರು. ನದೀತೀರದ ನಿವಾಸಿಗಳೂ ಲೈನ್ ಮನೆಗಳ ಕಾರ್ಮಿಕರೂ ಅಲ್ಲಿಯೇ ಉಳಿಯುತ್ತಾರೆ. ಆದ್ದರಿಂದ ತಂಡದ ಗಾತ್ರವನ್ನು ಊರಿನ ರಸ್ತೆ, ನೀರು ಮತ್ತು ಕಸ ವಿಲೇವಾರಿಯ ಸಾಮರ್ಥ್ಯಕ್ಕೆ ಹೊಂದಿಸುವುದು, ಸ್ಥಳೀಯ ವಾಹನ ಮತ್ತು ಮಾರ್ಗದರ್ಶಕರನ್ನು ಬಳಸುವುದು, ಕೊಯ್ಲಿನ ಮತ್ತು ವಿಪತ್ತಿನ ದಿನಗಳನ್ನು ತಪ್ಪಿಸುವುದು ಇಲ್ಲಿನ ಸಮಾವೇಶ ಆಯೋಜನೆಯ ಮುಖ್ಯ ತತ್ತ್ವಗಳಾಗಿವೆ.